ಶಾಂತಿ ಎಂಬ ಪದ



ನಿನ್ನೆ ಪ್ರಸಾದವಾದ ಮೇಲೆ ಒಬ್ಬ ತಾಯಿ ಬಂದು ಕೇಳಿದರು: “ಬುದ್ಧಿ, ನಮ್ಮ ಮನೆಯಲ್ಲಿ ಜಗಳವೇ ಇಲ್ಲ. ಯಜಮಾನರು ಒಮ್ಮೆ ಗದರಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಆದರೂ ಮನೆಯಲ್ಲಿ ಶಾಂತಿಯಿಲ್ಲ. ಏಕೆ?” ಅವರು ಯಾರೆಂಬುದು ಬೇಡ, ಈ ಪ್ರಶ್ನೆ ಒಂದೇ ಮನೆಯದಲ್ಲ. ಇದಕ್ಕೆ ಉತ್ತರ ಆ ಪದದಲ್ಲಿಯೇ ಇದೆ.

ಶಾಂತಿ ಎಂಬುದು ‘ಶಮ್’ ಧಾತುವಿನಿಂದ ಹುಟ್ಟಿದ ಪದ. ಅಡಗು, ತಣಿ ಎಂದು ಅದರ ಅರ್ಥ. ಅದಕ್ಕೆ ‘ಕ್ತಿನ್’ ಪ್ರತ್ಯಯ ಹತ್ತಿದಾಗ ‘ತಿ’ ಮಾತ್ರ ಉಳಿಯುತ್ತದೆ. ಪಾಣಿನಿಯ ಸೂತ್ರಗಳಂತೆ ಧಾತುವಿನ ಅಕಾರ ದೀರ್ಘವಾಗುತ್ತದೆ, ಮಕಾರವು ತಕಾರದ ನೆರೆಯಲ್ಲಿ ನಕಾರವಾಗುತ್ತದೆ. ಹೀಗೆ ಶಾಂತಿ ಎಂದಾಯಿತು. ‘ಭ್ರಮ್’ ಧಾತುವಿನಿಂದ ಭ್ರಾಂತಿ ಆದದ್ದೂ ಇದೇ ಕ್ರಮದಲ್ಲಿ. ಅಚ್ಚು ಒಂದೇ, ಒಳಗೆ ಎರೆದ ಲೋಹ ಬೇರೆ. ಆದುದರಿಂದ ಭ್ರಾಂತಿಯನ್ನೇ ಶಾಂತಿಯೆಂದು ತಿಳಿದು ಮೋಸಹೋಗುವುದುಂಟು.

ಕನ್ನಡದಲ್ಲಿ ಅಡಗು, ಅಡಗಿಸು ಎಂದು ಎರಡಿರುವಂತೆ ಸಂಸ್ಕೃತದಲ್ಲಿಯೂ ಎರಡುಂಟು. ‘ಶಾಮ್ಯತಿ’ ಎಂದರೆ ತಾನಾಗಿ ಅಡಗುತ್ತದೆ. ‘ಶಮಯತಿ’ ಎಂದರೆ ಇನ್ನೊಂದನ್ನು ಅಡಗಿಸುತ್ತಾನೆ. ಅಡಗಿಸುವ ಈ ಅರ್ಥದಿಂದಲೇ ‘ಶಮಿತಾ’ ಎಂಬ ಪದ ಬಂದಿದೆ. ಅದು ಯಾರ ಹೆಸರು ಬಲ್ಲಿರಾ? ಯಜ್ಞದಲ್ಲಿ ಪಶುವನ್ನು ಕೊಲ್ಲುವವನ ಹೆಸರು! ಪಶುವಿನ ಕೂಗು ಅಡಗಿತು, ನಿಜ. ಅದನ್ನು ಶಾಂತಿ ಎನ್ನೋಣವೇ? 12ನೆಯ ಶತಮಾನದ ನಮ್ಮ ಶರಣರು ಅದನ್ನು ಒಪ್ಪಲಿಲ್ಲ. ಗದರಿಕೆಯಿಂದ ಬಂದ ಮೌನವೂ ಆ ಬಗೆಯದೇ. ಬಾಯಿ ಅಡಗಿತು, ನೋವು ಅಡಗಲಿಲ್ಲ.

ಶಾಂತಿ ಎಂಬ ಪದದಲ್ಲಿ ಈ ‘ಅಡಗಿಸು’ ಇಲ್ಲ. ತಾನಾಗಿ ತಣಿಯುವುದು ಮಾತ್ರ ಇದೆ. ಪೂಜೆಯಲ್ಲಿಯೂ ಹೀಗೆಯೇ. ಕರಸ್ಥಲದಲ್ಲಿ ಇಷ್ಟಲಿಂಗವನ್ನಿಟ್ಟು ಕುಳಿತಾಗ ಮನಸ್ಸು ಹೊಲಕ್ಕೆ, ಅಂಗಡಿಗೆ, ಕೋರ್ಟಿಗೆ ಓಡುತ್ತದೆ. ಅದನ್ನು ಬೈದು ಬಡಿಯಬೇಡಿ. ದೃಷ್ಟಿಯನ್ನು ಮತ್ತೆ ಲಿಂಗದಲ್ಲಿಡಿ, ಅಷ್ಟೇ. ಕಲಕಿದ ನೀರನ್ನು ಕೈಯಿಂದ ಒತ್ತಿದರೆ ತಿಳಿಯಾದೀತೇ? ಕೈ ತೆಗೆಯಬೇಕು.

ಹಾಗಾದರೆ ಮನೆಯಲ್ಲಿ ಕೈ ತೆಗೆಯುವುದೆಂದರೇನು? ಯಜಮಾನರಾದವರು ಇಂದು ರಾತ್ರಿ ಪ್ರಸಾದಕ್ಕೆ ಕುಳಿತಾಗ ತಾವು ಸುಮ್ಮನಿದ್ದು, ಹೆಂಡತಿ, ಸೊಸೆ, ಮಕ್ಕಳ ಮಾತನ್ನು ಕಡೆಯವರೆಗೆ ಕೇಳಿರಿ. ಮೊದಲ ದಿನ ಗದ್ದಲವೇ ಆದೀತು. ಆಗಲಿ, ಅಂಜಬೇಡಿ. ನೀರು ತಿಳಿಯಾಗಲು ಹೊತ್ತು ಬೇಕು.