ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸುಧಾರಣೆ: ಒಡಂಬಡಿಕೆಯಿಂದ ದುಡಿಮೆಯ ಜಾಗದವರೆಗೆ

ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ವರ್ಸೇಲ್ಸ್ ಒಪ್ಪಂದದ ಭಾಗವಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿತು. ಐಎಲ್‌ಒ ಎಂದೇ ಪರಿಚಿತವಾದ ಈ ಸಂಸ್ಥೆಯಲ್ಲಿ ಇಂದು 187 ಸದಸ್ಯ ರಾಷ್ಟ್ರಗಳಿವೆ. ಭಾರತ ಸ್ಥಾಪಕ ಸದಸ್ಯರಲ್ಲಿ ಒಂದು. 1922ರಿಂದ ಆಡಳಿತ ಮಂಡಳಿಯ ಕಾಯಂ ಸದಸ್ಯ. ವಾರ್ಷಿಕ ಸಮ್ಮೇಳನಕ್ಕೆ ಪ್ರತಿ ದೇಶದಿಂದ ಸರ್ಕಾರದ ಇಬ್ಬರು, ಮಾಲೀಕರ ಕಡೆಯ ಒಬ್ಬರು, ಕಾರ್ಮಿಕರ ಕಡೆಯ ಒಬ್ಬರು ಹೋಗುತ್ತಾರೆ. ಸರ್ಕಾರಗಳಲ್ಲದವರಿಗೂ ಮತದ ಹಕ್ಕು ಕೊಟ್ಟಿರುವ ಈ ತ್ರಿಪಕ್ಷೀಯ ರಚನೆಯೇ ಸಂಸ್ಥೆಯ ಬಲ. ಆ ಬಲ ದುಡಿಯುವವರನ್ನು ಎಷ್ಟರ ಮಟ್ಟಿಗೆ ಮುಟ್ಟುತ್ತಿದೆ ಎಂಬುದೇ ಸುಧಾರಣೆಯ ಮೂಲ ಪ್ರಶ್ನೆ. ಖರ್ಚು, ಸಿಬ್ಬಂದಿ, ಸಭೆಗಳ ಸಂಖ್ಯೆಯ ಪ್ರಶ್ನೆಗಳೆಲ್ಲ ಅದರ ಹಿಂದೆ ಬರುತ್ತವೆ.

ಸುಧಾರಣೆ ಬೇಕಾದ ವಿಷಯಗಳಲ್ಲಿ ಮೊದಲನೆಯದು ನಿಯಮಗಳ ರಾಶಿ. ಶತಮಾನದಲ್ಲಿ ಸಂಸ್ಥೆ 190ಕ್ಕೂ ಹೆಚ್ಚು ಒಡಂಬಡಿಕೆಗಳನ್ನೂ 200ಕ್ಕೂ ಹೆಚ್ಚು ಶಿಫಾರಸುಗಳನ್ನೂ ಅಂಗೀಕರಿಸಿದೆ. ಹಲವು ಕಾಲಕ್ಕೆ ಹೊಂದದೆ ಹಳತಾಗಿವೆ. ಮಹಿಳೆಯರ ರಾತ್ರಿ ಪಾಳಿಯನ್ನು ನಿಷೇಧಿಸಿದ 1919ರ ಒಡಂಬಡಿಕೆಯನ್ನು ರದ್ದುಪಡಿಸಲು 2017 ಬರಬೇಕಾಯಿತು. ರದ್ದುಪಡಿಸುವ ಅಧಿಕಾರ ನೀಡುವ, ಸಂಸ್ಥೆಯ ಸಂವಿಧಾನದ ತಿದ್ದುಪಡಿ 1997ರಲ್ಲಿ ಅಂಗೀಕಾರವಾದರೂ ಜಾರಿಗೆ ಬಂದದ್ದು 2015ರಲ್ಲಿ. ಈಗ ತ್ರಿಪಕ್ಷೀಯ ಕಾರ್ಯತಂಡವೊಂದು ಹಳೆಯ ನಿಯಮಗಳನ್ನು ಒಂದೊಂದಾಗಿ ಪರಿಶೀಲಿಸುತ್ತಿದೆ.

ಚದುರಿದ ನಿಯಮಗಳನ್ನು ಒಂದುಗೂಡಿಸಿದರೆ ಏನಾಗುತ್ತದೆ ಎಂಬುದಕ್ಕೆ 2006ರ ಸಾಗರ ಕಾರ್ಮಿಕ ಒಡಂಬಡಿಕೆ ಸಾಕ್ಷಿ. ನಾವಿಕರ ಕುರಿತ 37 ಹಳೆಯ ಒಡಂಬಡಿಕೆಗಳನ್ನು ಅದು ಒಂದೇ ಪಠ್ಯದೊಳಗೆ ತಂದಿತು, 2013ರಲ್ಲಿ ಜಾರಿಯಾಯಿತು, ಭಾರತ 2015ರಲ್ಲಿ ಅನುಮೋದಿಸಿತು. ಅದರ ಪ್ರಕಾರ ಬಂದರಿನ ತಪಾಸಣಾಧಿಕಾರಿ ಹಡಗು ಹತ್ತಿ ನಾವಿಕರ ಉದ್ಯೋಗ ಕರಾರು, ಸಂಬಳದ ಲೆಕ್ಕ, ವಿಶ್ರಾಂತಿ ವೇಳೆಯ ದಾಖಲೆ, ಮಲಗುವ ಕೋಣೆ, ಅಡುಗೆಮನೆ ಎಲ್ಲವನ್ನೂ ನೋಡಬಹುದು. ಉಲ್ಲಂಘನೆ ಗಂಭೀರವಾಗಿದ್ದರೆ ಹಡಗನ್ನು ತಡೆದು ನಿಲ್ಲಿಸಬಹುದು. ಒಡಂಬಡಿಕೆಯನ್ನು ಒಪ್ಪದ ದೇಶದ ಬಾವುಟ ಹಾರಿಸಿದ ಹಡಗಿಗೂ ವಿನಾಯಿತಿ ಇಲ್ಲ. ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ವಿದೇಶಿ ಹಡಗಿನ ನಾವಿಕನಿಗೂ ಈ ರಕ್ಷಣೆ ಉಂಟು.

ಅದೇ ದಕ್ಷಿಣ ಕನ್ನಡ ಜಿಲ್ಲೆಯ ಹಳ್ಳಿಗಳಲ್ಲಿ ಹೆಂಗಸರು ಎಲೆ, ಹೊಗೆಸೊಪ್ಪು ತಂದು ಮನೆಯಲ್ಲೇ ಬೀಡಿ ಕಟ್ಟುತ್ತಾರೆ. ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಕೂಲಿ ಪಡೆಯುತ್ತಾರೆ. ಇಂಥವರಿಗಾಗಿಯೇ 1996ರಲ್ಲಿ ಗೃಹಾಧಾರಿತ ಕೆಲಸದ 177ನೆಯ ಒಡಂಬಡಿಕೆ ಬಂತು. ಅದರ ಹಿಂದೆ ಇಳಾ ಭಟ್ ಅಹಮದಾಬಾದಿನಲ್ಲಿ ಕಟ್ಟಿದ ‘ಸೇವಾ’ ಸಂಘಟನೆಯ ದೊಡ್ಡ ಶ್ರಮವಿತ್ತು. ಆದರೂ ಕೆಲವೇ ದೇಶಗಳು ಅದನ್ನು ಅನುಮೋದಿಸಿವೆ, ಭಾರತ ಅವುಗಳಲ್ಲಿಲ್ಲ. ತಪಾಸಣೆಯ ವ್ಯವಸ್ಥೆ ಇರುವೆಡೆ ನಿಯಮ ಕೆಲಸ ಮಾಡುತ್ತದೆ, ಇಲ್ಲದೆಡೆ ಕಾಗದದಲ್ಲೇ ಉಳಿಯುತ್ತದೆ.

ಎರಡನೆಯದು ಪ್ರಾತಿನಿಧ್ಯ. ಆಡಳಿತ ಮಂಡಳಿಯಲ್ಲಿ ಸರ್ಕಾರಗಳಿಗಿರುವ 28 ಸ್ಥಾನಗಳಲ್ಲಿ 10 ಪ್ರಮುಖ ಕೈಗಾರಿಕಾ ರಾಷ್ಟ್ರಗಳಿಗೆ ಕಾಯಂ. ಇದನ್ನು ತೆಗೆದುಹಾಕುವ ತಿದ್ದುಪಡಿಯನ್ನು ಸಮ್ಮೇಳನ 1986ರಲ್ಲೇ ಅಂಗೀಕರಿಸಿತು. ಅದು ಜಾರಿಗೆ ಬರಲು ಮೂರನೇ ಎರಡರಷ್ಟು ಸದಸ್ಯರ ಒಪ್ಪಿಗೆ ಬೇಕು. ಆ ಹತ್ತರಲ್ಲಿ ಕನಿಷ್ಠ ಐದು ದೇಶಗಳೂ ಅದರೊಳಗಿರಬೇಕು. ಸ್ವತಃ ಕಾಯಂ ಸ್ಥಾನವುಳ್ಳ ಭಾರತ ಒಪ್ಪಿದೆ. ಉಳಿದವುಗಳಲ್ಲಿ ಹೆಚ್ಚಿನವು ಒಪ್ಪದ ಕಾರಣ ತಿದ್ದುಪಡಿ ದಶಕಗಳಿಂದ ಕಾಯುತ್ತಿದೆ. ಕಾರ್ಮಿಕರ ಪೀಠದಲ್ಲೂ ಕೊರತೆಯಿದೆ. ಜಗತ್ತಿನ ದುಡಿಯುವವರಲ್ಲಿ ಸುಮಾರು 200 ಕೋಟಿ ಜನ ಅಸಂಘಟಿತ ವಲಯದವರೆಂದು ಸಂಸ್ಥೆಯೇ 2018ರಲ್ಲಿ ಲೆಕ್ಕ ಹಾಕಿತು. ಬೀದಿ ವ್ಯಾಪಾರಿಗಳು, ಮನೆಗೆಲಸದವರು, ಆ್ಯಪ್ ಆಧರಿಸಿ ದುಡಿಯುವವರ ಸಂಘಗಳಿಗೆ ಅಲ್ಲಿ ಇನ್ನೂ ಸರಿಯಾದ ಜಾಗವಿಲ್ಲ. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ಮಾಡಿತು. ಅದೇ ವರ್ಷ ಜಿನೀವಾದಲ್ಲಿ ಸಂಸ್ಥೆಯ ಸಮ್ಮೇಳನ ಈ ಕುರಿತ ಮಾನದಂಡದ ಮೊದಲ ಚರ್ಚೆ ನಡೆಸಿತು.

ಮೂರನೆಯದು ಮೇಲ್ವಿಚಾರಣೆ. ಸರ್ಕಾರಗಳು ಮೂಲಭೂತ ಒಡಂಬಡಿಕೆಗಳ ಬಗ್ಗೆ ಮೂರು ವರ್ಷಕ್ಕೊಮ್ಮೆ, ಉಳಿದ ಹೆಚ್ಚಿನವುಗಳ ಬಗ್ಗೆ ಆರು ವರ್ಷಕ್ಕೊಮ್ಮೆ ವರದಿ ಕೊಡಬೇಕು. 1926ರಲ್ಲಿ ರೂಪುಗೊಂಡ ತಜ್ಞರ ಸಮಿತಿ ಅವನ್ನು ಪರಿಶೀಲಿಸುತ್ತದೆ. ಆದರೆ ಸಂಘಟನಾ ಸ್ವಾತಂತ್ರ್ಯದ 87ನೆಯ ಒಡಂಬಡಿಕೆಯಲ್ಲಿ ಮುಷ್ಕರದ ಹಕ್ಕು ಅಡಕವಾಗಿದೆಯೇ ಎಂಬ ವಿವಾದದಿಂದ 2012ರಲ್ಲಿ ಸಮ್ಮೇಳನದ ಸಮಿತಿ ಚರ್ಚೆಗೆತ್ತಿಕೊಳ್ಳುವ ಪ್ರಕರಣಗಳ ಪಟ್ಟಿಯನ್ನೇ ಒಪ್ಪಲಾರದೆ ಹೋಯಿತು. 2023ರ ನವೆಂಬರಿನಲ್ಲಿ ಪ್ರಶ್ನೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ವ್ಯಾಖ್ಯಾನದ ತಕರಾರುಗಳನ್ನು ಬೇಗ ಬಗೆಹರಿಸಲು ಸಂಸ್ಥೆಯೊಳಗೇ ನ್ಯಾಯಮಂಡಳಿ ರಚಿಸಲು ಸಂವಿಧಾನದ 37ನೆಯ ವಿಧಿ ಅವಕಾಶ ಕೊಟ್ಟಿದ್ದರೂ ಅಂಥ ಮಂಡಳಿ ಈವರೆಗೆ ಕಾರ್ಯಾರಂಭ ಮಾಡಿಲ್ಲ. ಮಾತು ಕೇಳದ ರಾಷ್ಟ್ರದ ವಿರುದ್ಧ ಕ್ರಮಕ್ಕೆ ದಾರಿ ತೆರೆಯುವ 33ನೆಯ ವಿಧಿಯನ್ನು ಮ್ಯಾನ್ಮಾರಿನ ಬಲವಂತದ ದುಡಿಮೆಯ ಪ್ರಕರಣದಲ್ಲಿ 2000ದಲ್ಲಿ ಮೊದಲ ಬಾರಿ ಬಳಸಲಾಯಿತು.

ನಾಲ್ಕನೆಯದು ಹಣ. 2024–25ರ ಎರಡು ವರ್ಷಗಳ ಬಜೆಟ್ ಸುಮಾರು 88 ಕೋಟಿ ಡಾಲರ್. ಸದಸ್ಯರ ವಂತಿಗೆಯಲ್ಲಿ ಅಮೆರಿಕ ಒಂದರದೇ ಪಾಲು ಶೇ. 22. 1977ರಿಂದ 1980ರವರೆಗೆ ಅಮೆರಿಕ ಹೊರಗುಳಿದಾಗ ಸಂಸ್ಥೆ ತತ್ತರಿಸಿತ್ತು. ಉಳಿತಾಯ ಅಗತ್ಯ, ಆದರೆ ತಪಾಸಣಾಧಿಕಾರಿಗಳ ತರಬೇತಿಗೂ ದೇಶಮಟ್ಟದ ನೆರವಿಗೂ ಕತ್ತರಿ ಹಾಕಿ ಉಳಿಸಿದ ಹಣ ದಕ್ಷತೆ ಎನಿಸದು.

ಭಾರತ ಸುಧಾರಣೆಯ ಪರ ನಿಂತಿರುವ ದೇಶ. ಆದರೆ ಸಂಘಟನಾ ಸ್ವಾತಂತ್ರ್ಯದ 87ನೆಯ, ಸಾಮೂಹಿಕ ಚೌಕಾಶಿಯ 98ನೆಯ ಒಡಂಬಡಿಕೆಗಳನ್ನು ಅದು ಇನ್ನೂ ಅನುಮೋದಿಸಿಲ್ಲ. ಸರ್ಕಾರಿ ನೌಕರರ ಮೇಲಿನ ನಿರ್ಬಂಧಗಳನ್ನು ಕಾರಣವಾಗಿ ಕೊಡಲಾಗುತ್ತಿದೆ. ಅವನ್ನು ಅನುಮೋದಿಸಿದರೆ ಜಿನೀವಾದಲ್ಲಿ ಭಾರತದ ಮಾತಿಗೆ ತೂಕ ಹೆಚ್ಚುತ್ತದೆ. ಹಳತಾದ ನಿಯಮಗಳ ರದ್ದತಿ, 1986ರ ತಿದ್ದುಪಡಿಯ ಜಾರಿ, ವ್ಯಾಖ್ಯಾನಕ್ಕೊಂದು ನ್ಯಾಯಮಂಡಳಿ, ತಪಾಸಣೆಗೆ ಖಚಿತ ಹಣ: ಈ ನಾಲ್ಕರ ಸುತ್ತ ಚರ್ಚೆ ನಡೆಯಲಿ. ಬಂದರಿನ ನಾವಿಕನಿಗೆ ಸಿಕ್ಕ ರಕ್ಷಣೆ ಬೀಡಿ ಕಟ್ಟುವ ಹೆಂಗಸಿಗೂ ಸಿಗುವ ದಾರಿಯನ್ನು ಆ ಚರ್ಚೆ ತೋರಿಸಲಿ.