ಶಾಲೆಯ ಠರಾವು ಪುಸ್ತಕ ಮತ್ತು ಗ್ರಾಮ ಪಂಚಾಯತಿ ಸದಸ್ಯರು

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಶಿಬಿರದಲ್ಲಿ ನಿವೃತ್ತ ಪ್ರಧಾನ ಗುರುಗಳೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಮೂವತ್ತು ವರ್ಷಗಳಿಗೂ ಮಿಕ್ಕಿ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿದವನು ನಾನು. ನಿವೃತ್ತಿಯ ನಂತರ ಊರಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಅಂದರೆ ನಾವೆಲ್ಲ ಎಸ್.ಡಿ.ಎಂ.ಸಿ. ಎಂದು ಕರೆಯುವ ಸಮಿತಿಯಲ್ಲಿ, ಶಿಕ್ಷಣಾಸಕ್ತ ಸದಸ್ಯನಾಗಿ ಎರಡು ಅವಧಿಗೆ ಸೇವೆ ಸಲ್ಲಿಸಿದ್ದೇನೆ. ಆ ಸಮಿತಿಯ ಮಾತು ಪಂಚಾಯತಿಯ ಮಾತಾಗುವುದು ಹೇಗೆ ಎಂಬುದೇ ಇಂದು ನಾನು ತಮ್ಮ ಮುಂದೆ ಇಡಬಯಸುವ ವಿಷಯ.

ಶಿಕ್ಷಕನಾದವನು ಶಾಲಾ ಆಡಳಿತಕ್ಕೆ ಕೈಹಾಕುವುದು ಧಾರವಾಡ ಜಿಲ್ಲೆಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಶಿಕ್ಷಕರಾಗಿದ್ದು ಶಿಕ್ಷಣ ಇಲಾಖೆಯ ಡೆಪ್ಯುಟಿ ಇನ್ಸ್‌ಪೆಕ್ಟರ್ ಆದ ಚನ್ನಬಸಪ್ಪನವರನ್ನು ನಾಡು ಇಂದಿಗೂ ‘ಡೆಪ್ಯುಟಿ ಚನ್ನಬಸಪ್ಪ’ ಎಂದೇ ನೆನೆಯುತ್ತದೆ. ಶಾಲೆಗೆ ಊರಿನ ಹಣ ಸಲ್ಲುವುದೂ ಹೊಸದಲ್ಲ. 1860ರ ದಶಕದಲ್ಲಿಯೇ ಮುಂಬಯಿ ಸರ್ಕಾರವು ಕಂದಾಯದ ರೂಪಾಯಿಗೆ ಒಂದು ಆಣೆಯಂತೆ ಸ್ಥಳೀಯ ನಿಧಿ ಎತ್ತಿ, ಅದರ ಒಂದು ಪಾಲನ್ನು ಶಾಲೆಗಳಿಗೆ ಮೀಸಲಿಟ್ಟಿತ್ತು. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆಯು ಶಾಲೆಗಳ ಆಡಳಿತವನ್ನು ಸ್ಕೂಲ್ ಬೋರ್ಡುಗಳಿಗೆ ವಹಿಸಿತು. 1947ರ ಕಾಯ್ದೆಯಿಂದ ಅವುಗಳ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. 1956ರ ಏಕೀಕರಣದ ತರುವಾಯ ಶಾಲೆಗಳು ಇಲಾಖೆಯ ಕೈಗೆ ಬಂದವು. ಆದರೂ ‘ಬೋರ್ಡ್ ಸಾಲಿ’ ಎಂಬ ಮಾತನ್ನು ಹಿರಿಯರ ಬಾಯಿಂದ ನಾನು ಕೇಳಿದ್ದೇನೆ.

ಆ ಬೋರ್ಡು ಜಿಲ್ಲೆಗೆ ಒಂದೇ. ಬೆಣ್ಣಿಹಳ್ಳ ಉಕ್ಕಿ ದಾರಿ ಕಟ್ಟಾದಾಗ ಯಾವ ಊರಿನ ಮಕ್ಕಳು ಮನೆಯಲ್ಲಿ ಉಳಿದರು ಎಂಬುದು ದೂರದಲ್ಲಿ ಕುಳಿತವರಿಗೆ ತಿಳಿಯುವ ಬಗೆ ಕಡಿಮೆ. 2001ರಲ್ಲಿ ರಾಜ್ಯ ಸರ್ಕಾರವು ಎಸ್.ಡಿ.ಎಂ.ಸಿ.ಗಳನ್ನು ರಚಿಸಿದಾಗ ಆ ಅಧಿಕಾರದ ಒಂದು ತುಣುಕು ಶಾಲೆಯ ಅಂಗಳಕ್ಕೇ ಬಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮು ಇದಕ್ಕೆ ಬಲ ಕೊಟ್ಟಿದೆ. ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರಾಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು.

ಕಾಗದದ ಮೇಲೆ ಇದು ಸುಂದರವಾಗಿದೆ. ಸಭೆಯಲ್ಲಿ ಆಗುವುದೇ ಬೇರೆ. ನಿವೃತ್ತ ಮಾಸ್ತರನೊಬ್ಬ ಕುರ್ಚಿಯಲ್ಲಿ ಕುಳಿತನೆಂದರೆ ಪಾಲಕರು ಬಾಯಿ ಬಿಡುವುದಿಲ್ಲ. “ನೀವ ಹೇಳ್ರಿ ಸರ್, ನಾವು ಸೈ ಮಾಡ್ತೇವ್ರಿ” ಎನ್ನುತ್ತಾರೆ. ಅವರಲ್ಲಿ ಅರ್ಧ ಜನ ನನ್ನ ಕೈಯಲ್ಲೇ ಕಲಿತವರು. ಗುರುಗಳ ಎದುರು ಹೇಗೆ ಮಾತಾಡುವುದೆಂಬ ಸಂಕೋಚ. ಆದ್ದರಿಂದ ಮೊದಲ ಸಭೆಯಿಂದಲೇ ಒಂದು ರೂಢಿ ಹಾಕಿಕೊಂಡೆ. ಹಿಂದಿನ ಸಭೆಯ ಠರಾವನ್ನು ಗಟ್ಟಿಯಾಗಿ ಓದಿಸುವುದು, ಅದರಂತೆ ಏನಾಯಿತೆಂದು ತಾಯಂದಿರನ್ನು ಮೊದಲು ಕೇಳುವುದು, ನಾನು ಎಲ್ಲರ ನಂತರ ಮಾತನಾಡುವುದು. ಮೂರನೆಯ ಸಭೆಯಲ್ಲಿ ತಾಯಿಯೊಬ್ಬಳು ಎದ್ದು, ಶೌಚಾಲಯಕ್ಕೆ ಬೀಗ ಹಾಕಿದ್ದರಿಂದ ಹೆಣ್ಣುಮಕ್ಕಳು ಮಧ್ಯಾಹ್ನವೇ ಮನೆಗೆ ಬರುತ್ತಿದ್ದಾರೆಂದು ಹೇಳಿದಳು. ಆ ಶಾಲೆಯಲ್ಲಿ ಅಷ್ಟು ವರ್ಷ ದುಡಿದ ಯಾರೂ ಅದನ್ನು ಬರೆದಿಟ್ಟಿರಲಿಲ್ಲ.

ಇನ್ನೊಂದೆಡೆ, ಊರಿನ ಹೆಸರು ಬೇಡ, ಸಭೆಯನ್ನೇ ಕರೆಯದೆ ಠರಾವು ಪುಸ್ತಕವನ್ನು ಹುಡುಗನ ಕೈಯಲ್ಲಿ ಮನೆಮನೆಗೆ ಕಳಿಸಿ ಸಹಿ ಮಾಡಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಅಂಥ ಪುಸ್ತಕದಲ್ಲಿ ಸಹಿಗಳಿಗೆ ಕೊರತೆ ಇರಲಿಲ್ಲ, ಕುಡಿಯುವ ನೀರಿಗೆ ಇತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎರೆ ಭೂಮಿಯ ಶಾಲೆಗಳಲ್ಲಿ ಹಾಜರಿ ಪುಸ್ತಕವೂ ಬೆಳೆಯ ಲೆಕ್ಕವೂ ಒಂದೇ. ಶ್ರಾವಣ, ಭಾದ್ರಪದದಲ್ಲಿ ಹೆಸರು ಬಿಡಿಸುವ ಕೆಲಸ, ದೀಪಾವಳಿ ದಾಟಿದ ಮೇಲೆ ಹತ್ತಿ, ಅದರ ಬೆನ್ನಿಗೆ ಕುಂದಗೋಳ, ಅಣ್ಣಿಗೇರಿ ಕಡೆ ಮೆಣಸಿನಕಾಯಿ, ಆಮೇಲೆ ಕಡಲೆ. ಕಲಘಟಗಿಯ ಲಂಬಾಣಿ ತಾಂಡಾಗಳಲ್ಲಿ, ಗೌಳಿ ದೊಡ್ಡಿಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಶಾಲೆಯ ದೂರವೂ, ಗುಳೆ ಹೋಗುವುದೂ ಸೇರಿಕೊಳ್ಳುತ್ತವೆ. ಐದು, ಆರು, ಏಳನೆಯ ಇಯತ್ತೆಯ ಹೆಣ್ಣುಮಕ್ಕಳ ಹೆಸರಿನ ಮುಂದೆಯೇ ಗೈರಿನ ಗುರುತು ಹೆಚ್ಚು. ಆ ಹುಡುಗಿ ಯಾವಾಗಲೂ ಹತ್ತಿ ಬಿಡಿಸಲು ಹೋಗಿರುತ್ತಾಳೆಂದು ತಿಳಿಯಬೇಡಿ. ಅವ್ವ ಹೊಲಕ್ಕೆ ಹೋದಾಗ ಕೂಸನ್ನು ಹಿಡಿಯಲು ಮನೆಯಲ್ಲಿ ಉಳಿದಿರುತ್ತಾಳೆ. ಅಂಗನವಾಡಿ ಸಂಜೆ ನಾಲ್ಕಕ್ಕೆ ಮುಚ್ಚಿದರೆ ಕೂಲಿಯವರು ಬರುವುದು ಹೊತ್ತು ಮುಳುಗಿದ ಮೇಲೆ. ಗುರುಗಳು ಆ ತಂದೆಗೆ ಎಷ್ಟು ಬುದ್ಧಿ ಹೇಳಿದರೂ ಆ ಎರಡು ತಾಸಿನ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಇದಕ್ಕೆ ಉತ್ತರ ಶಾಲೆಯ ಬಳಿ ಇಲ್ಲ, ತಮ್ಮ ಬಳಿ ಇದೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ಆರಂಭವಾದ ‘ಕೂಸಿನ ಮನೆ’ ನಡೆಯುವುದು ಗ್ರಾಮ ಪಂಚಾಯತಿಯ ಮೂಲಕ. ಅದು ಎಷ್ಟು ಹೊತ್ತಿಗೆ ತೆರೆಯುತ್ತದೆ, ಸುಗ್ಗಿಯ ದಿನಗಳಲ್ಲಿ ಎಷ್ಟು ಕೂಸುಗಳು ಬರುತ್ತವೆ ಎಂಬುದನ್ನು ಶಾಲೆಯ ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದವರು ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಸದಸ್ಯರ ಮಾತಿಗೆ ಎಷ್ಟು ತೂಕವಿದೆ ಎಂಬುದಕ್ಕೆ ಒಂದು ನಿದರ್ಶನ. ಕೂಲಿಯವರನ್ನು ಹೊತ್ತೊಯ್ಯುವ ಟಂಟಂ ಗಾಡಿಯಲ್ಲಿ ದಿನವೂ ಏಳೆಂಟು ಶಾಲಾ ಮಕ್ಕಳು ಹೋಗುತ್ತಿದ್ದರು. ನಮ್ಮ ಸಮಿತಿ ಎರಡು ಸಲ ಠರಾವು ಬರೆಯಿತು, ಗಾಡಿಯವನು ಕಿವಿಗೊಡಲಿಲ್ಲ. ಆಗ ಆ ವಾರ್ಡಿನ ಪಂಚಾಯತಿ ಸದಸ್ಯೆಯೊಬ್ಬರು ಬೆಳಿಗ್ಗೆ ಏಳಕ್ಕೆ ಅಗಸಿ ಬಾಗಿಲಲ್ಲಿ ನಿಂತು, “ಸಾಲಿ ಹುಡುಗರನ್ನ ಹತ್ತಿಸ್ಕೊಂಡರ ನಾಳಿಂದ ನಿನ್ನ ಗಾಡಿ ಈ ಓಣ್ಯಾಗ ಬರೂದ ಬ್ಯಾಡ ನೋಡಪಾ” ಎಂದರು. ಒಂದು ವಾರ ನಿಂತರು. ಏಳೆಂಟರಲ್ಲಿ ಐದು ಮಕ್ಕಳು ಶಾಲೆಗೆ ಮರಳಿದರು. ಉಳಿದವರ ಮನೆಯವರು ಆಗಲೇ ಗೋವಾಕ್ಕೆ ದುಡಿಯಲು ಹೋಗಿದ್ದರು.

ಹೀಗೆ ಹೋದ ಮಕ್ಕಳ ಬಗ್ಗೆಯೂ ಕಾನೂನು ಮೌನವಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 9ನೆಯ ಕಲಮನ್ನು ತಾವು ಒಮ್ಮೆ ಓದಬೇಕೆಂದು ವಿನಂತಿಸುತ್ತೇನೆ. ತನ್ನ ವ್ಯಾಪ್ತಿಯಲ್ಲಿರುವ 14 ವರ್ಷದವರೆಗಿನ ಮಕ್ಕಳ ದಾಖಲೆ ಇಡುವುದು, ವಲಸೆ ಬಂದ ಕುಟುಂಬಗಳ ಮಕ್ಕಳಿಗೆ ಪ್ರವೇಶ ಕೊಡಿಸುವುದು, ಶೈಕ್ಷಣಿಕ ವೇಳಾಪಟ್ಟಿಯನ್ನು ನಿರ್ಧರಿಸುವುದು ಅಲ್ಲಿ ‘ಸ್ಥಳೀಯ ಪ್ರಾಧಿಕಾರ’ದ ಕರ್ತವ್ಯಗಳೆಂದು ಬರೆದಿದೆ, ಆ ಪದದ ಅರ್ಥದಲ್ಲಿ ಪಂಚಾಯತಿಯೂ ಸೇರಿದೆ. ಉಚ್ಚ ನ್ಯಾಯಾಲಯವು 2013ರಲ್ಲಿ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಪ್ರಕರಣದ ತರುವಾಯ, ನಮ್ಮ ರಾಜ್ಯದಲ್ಲಿ ಸತತ 7 ದಿನ ಕಾರಣವಿಲ್ಲದೆ ಬಾರದ ಮಗುವಿನ ಬಗ್ಗೆ ಕ್ರಮ ಆರಂಭವಾಗಬೇಕು. ಮೊದಲಿನಂತೆ 60 ದಿನ ಕಾಯುವಂತಿಲ್ಲ. ಹತ್ತಿಯ ಒಂದು ಬಿಡಿತಕ್ಕೇ ಏಳು ದಿನ ಮುಗಿದುಹೋಗುತ್ತವೆ ಎಂಬುದನ್ನು ಒಕ್ಕಲುತನದವರಾದ ತಮಗೆ ನಾನು ಹೇಳಬೇಕಾಗಿಲ್ಲ.

ಗುರುಗಳ ಬೋಧನೆಯ ವಿಷಯದಲ್ಲಿ ಮಾತ್ರ ತಾವು ಸಾವಧಾನ ವಹಿಸಬೇಕು. ಗುರುಗಳು ವೇಳೆಗೆ ಬಂದರೇ ಎಂದು ಕೇಳುವುದು ಸಮಿತಿಯ ಹಕ್ಕು. ವರ್ಗದೊಳಗೆ ನುಗ್ಗಿ ಮಕ್ಕಳ ಎದುರು ಅವರನ್ನು ಪ್ರಶ್ನಿಸುವುದು ಹಕ್ಕಲ್ಲ, ಅದರಿಂದ ಒಂದು ಅಕ್ಷರವೂ ಹೆಚ್ಚು ಕಲಿತಂತಾಗುವುದಿಲ್ಲ.

ಇನ್ನು ಹಣದ ಮಾತು. ಸಮಿತಿಯು ಶಾಲಾಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಬೇಕೆಂದು ಕಾಯ್ದೆ ಹೇಳುತ್ತದೆ. ಅದನ್ನು ಕಾರ್ಯಗತಗೊಳಿಸುವ ಕಾಂಪೌಂಡು, ಶೌಚಾಲಯ, ಆಟದ ಬಯಲು, ನೀರಿನ ಸಂಪರ್ಕ ಮೊದಲಾದವು ಬಹುಮಟ್ಟಿಗೆ ಪಂಚಾಯತಿಯ ಕ್ರಿಯಾಯೋಜನೆಯಲ್ಲಿ ಸೇರಿದರೆ ಮಾತ್ರ ಆಗುವಂಥವು. ಪಂಚಾಯತಿಯ ಅಭಿವೃದ್ಧಿ ಯೋಜನೆಯ ಕೆಲಸ ಗಾಂಧಿ ಜಯಂತಿಯಿಂದ ಶುರುವಾಗುತ್ತದೆ. ಆ ಹೊತ್ತಿಗೆ ನಮ್ಮ ಹೊಲಗಳಲ್ಲಿ ಹಿಂಗಾರಿ ಬಿತ್ತನೆ. ಪಾಲಕರು ಸಭೆಗೆ ಬರುವುದಿಲ್ಲ. ಸಮಿತಿ ಡಿಸೆಂಬರಿನಲ್ಲಿ ಕೂಡುತ್ತದೆ, ಠರಾವು ಜನವರಿಯಲ್ಲಿ ಪಿ.ಡಿ.ಒ. ಅವರ ಟೇಬಲ್ಲಿಗೆ ಬರುತ್ತದೆ, ಮುಂದಿನ ವರ್ಷ ನೋಡೋಣವೆಂಬ ಉತ್ತರ ಸಿದ್ಧವಾಗಿರುತ್ತದೆ. ನಮ್ಮ ಕಾಂಪೌಂಡಿಗೆ ಮೂರು ವರ್ಷ ಹಿಡಿದದ್ದು ಹಣವಿಲ್ಲದ್ದಕ್ಕಲ್ಲ, ತಿಂಗಳು ತಪ್ಪಿದ್ದಕ್ಕೆ.

ಹೆಸರಿನ ರಾಶಿ ಮುಗಿದು ಹಿಂಗಾರಿ ಬಿತ್ತನೆಗೆ ಕೂರಿಗೆ ಹೂಡುವವರೆಗೆ ಹತ್ತು ಹನ್ನೆರಡು ದಿನಗಳ ಬಿಡುವು ಇರುತ್ತದೆ. ಸಮಿತಿಯ ಸಭೆಯನ್ನು ಆ ದಿನಗಳಲ್ಲಿ, ಸಂಜೆ ಏಳರ ನಂತರ, ದೀಪವಿರುವ ವರ್ಗದಲ್ಲಿ ಕರೆಯುವಂತೆ ತಮ್ಮ ವ್ಯಾಪ್ತಿಯ ಪ್ರತಿಯೊಂದು ಶಾಲೆಗೆ ತಿಳಿಸಬೇಕು. ವಾರ್ಡಿನ ಸದಸ್ಯರು ಹಾಜರಿರಬೇಕು. ಠರಾವಿನ ಒಂದು ಪ್ರತಿಗೆ ಪಂಚಾಯತಿ ಕಚೇರಿಯ ಆವಕ ಸಂಖ್ಯೆ ಬೀಳಬೇಕು, ಆ ಸಂಖ್ಯೆಯನ್ನು ಶಾಲೆಯ ಪುಸ್ತಕದಲ್ಲಿ ಅದೇ ಠರಾವಿನ ಕೆಳಗೆ ಬರೆದಿಡಬೇಕು. ಮುಂದಿನ ಸಭೆಯಲ್ಲಿ ಮೊದಲು ಓದಬೇಕಾದದ್ದು ಆ ಸಂಖ್ಯೆಯನ್ನೇ.