ಯಕೃತ್ತಿನ ಉರಿಯೂತ ಮತ್ತು ಮೈಕ್ರೋಆರ್‌ಎನ್‌ಎ-122

ಯಕೃತ್ತಿನ ಕ್ಯಾನ್ಸರ್ ಬಹುಮಟ್ಟಿಗೆ ವೈರಸ್‌ನಿಂದಲೋ ಮದ್ಯದಿಂದಲೋ ಕೊಬ್ಬಿನಿಂದಲೋ ಹುಟ್ಟಿ ವರ್ಷಗಟ್ಟಲೆ ಆರದೆ ಉಳಿದ ಉರಿಯೂತದ ನೆಲದಲ್ಲೇ ಬೆಳೆಯುತ್ತದೆ. ಉರಿಯೂತವನ್ನೂ ಗೆಡ್ಡೆಯನ್ನೂ ಬೆಸೆಯುವ ಕೊಂಡಿಗಳಲ್ಲಿ ಮೈಕ್ರೋಆರ್‌ಎನ್‌ಎಗಳೂ ಸೇರಿವೆ. ಇವು ಸುಮಾರು 22 ನ್ಯೂಕ್ಲಿಯೊಟೈಡ್‌ಗಳಷ್ಟೇ ಉದ್ದದ, ತಾವಾಗಿ ಯಾವ ಪ್ರೋಟೀನನ್ನೂ ಕಟ್ಟದೆ, ಪ್ರೋಟೀನಿನ ಸಂದೇಶ ಹೊತ್ತ ಆರ್‌ಎನ್‌ಎಗೆ ಅಂಟಿಕೊಂಡು ಅದರ ಕೆಲಸವನ್ನು ತಗ್ಗಿಸುವ ತುಣುಕುಗಳು. 1993ರಲ್ಲಿ ದುಂಡುಹುಳುವಿನ ಬೆಳವಣಿಗೆಯ ಜಾಡು ಹಿಡಿದು ಈ ಕಾರ್ಯವಿಧಾನವನ್ನು ತೆರೆದಿಟ್ಟ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಇಬ್ಬರೂ ರಾಬರ್ಟ್ ಹಾರ್ವಿಟ್ಜ್ ಅವರ ಪ್ರಯೋಗಾಲಯದಲ್ಲಿ ಪಳಗಿದವರು. ಗುರುವಿಗೆ 2002ರಲ್ಲಿ, ಶಿಷ್ಯರಿಗೆ 2024ರಲ್ಲಿ ನೊಬೆಲ್ ಸಂದಿತು. ಎರಡು ತಲೆಮಾರು ಒಂದೇ ಹುಳುವನ್ನು ನಂಬಿ ಕೂತ ಶ್ರದ್ಧೆ ಗುರುಪರಂಪರೆಯನ್ನು ಬಲ್ಲವರಿಗೆ ಅಪರಿಚಿತವೆನಿಸಲಾರದು.

ಯಕೃತ್ತಿನ ಮೈಕ್ರೋಆರ್‌ಎನ್‌ಎಗಳಲ್ಲಿ ಸುಮಾರು ಶೇ. 70ರಷ್ಟು ಪಾಲು 122 ಎಂಬ ಸಂಖ್ಯೆಯ ಒಂದಕ್ಕೇ ಸಲ್ಲುತ್ತದೆ, ವಿವಾದವಿರುವುದೂ ಅದರ ಸುತ್ತಲೇ. 2012ರಲ್ಲಿ ಓಹಿಯೋದ ಕಲ್ಪನಾ ಘೋಷಾಲ್ ಅವರ ತಂಡ ಮತ್ತು ತೈವಾನಿನ ಇನ್ನೊಂದು ತಂಡ ಇಲಿಗಳಲ್ಲಿ ಇದರ ಜೀನನ್ನು ತೆಗೆದುಹಾಕಿದಾಗ ಯಕೃತ್ತಿಗೆ ಮೊದಲು ಕೊಬ್ಬು ತುಂಬಿತು, ಆಮೇಲೆ ಉರಿಯೂತ ಕಾಣಿಸಿತು, ಕಡೆಗೆ ಗೆಡ್ಡೆಗಳು ಎದ್ದವು. ಒಳಗೆ ನಡೆದದ್ದಿಷ್ಟು: ಲಗಾಮು ತಪ್ಪಿದ ಯಕೃತ್ ಕೋಶಗಳು ಸಿಸಿಎಲ್2 ಎಂಬ ಕರೆಸಂಕೇತವನ್ನು ಅತಿಯಾಗಿ ಸುರಿಸಿದವು, ಅದಕ್ಕೆ ಓಗೊಟ್ಟು ನುಗ್ಗಿದ ರಕ್ಷಣಾ ಕೋಶಗಳು ಇಂಟರ್‌ಲ್ಯೂಕಿನ್-6 ಮತ್ತು ಟಿಎನ್‌ಎಫ್ ಎಂಬ ಉರಿಯೂತದ ಸಂಕೇತಗಳನ್ನು ಸ್ರವಿಸಿ ಗೆಡ್ಡೆಗೆ ಪೋಷಣೆಯಾದವು.

ಆದರೆ ಹೆಪಟೈಟಿಸ್ ಸಿ ವೈರಸ್ ತನ್ನ ಆರ್‌ಎನ್‌ಎಯ ತುದಿಗೆ ಇದೇ 122ನ್ನು ಅಂಟಿಸಿಕೊಂಡೇ ವೃದ್ಧಿಸುತ್ತದೆಂದು ಸ್ಟ್ಯಾನ್‌ಫರ್ಡ್‌ನ ಪೀಟರ್ ಸಾರ್ನೋ ಅವರ ತಂಡ 2005ರಲ್ಲೇ ತೋರಿಸಿತ್ತು. ಬೇಲಿಯೇ ಎದ್ದು ಹೊಲ ಮೇಯುವ ಈ ಸ್ಥಿತಿಯನ್ನು ಕಂಡು 122ನ್ನು ಕಟ್ಟಿಹಾಕುವ ಮಿರಾವಿರ್ಸೆನ್ ಎಂಬ ಔಷಧವನ್ನು ರೂಪಿಸಲಾಯಿತು, 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ರೋಗಿಗಳ ವೈರಸ್ ಪ್ರಮಾಣ ತಗ್ಗಿತೂ ಕೂಡ. ಕ್ಯಾನ್ಸರನ್ನು ತಡೆಯುವ ಅಣುವನ್ನೇ ಹತ್ತಿಕ್ಕಿ ಸೋಂಕು ಕಳೆಯುವುದು ಸರಿಯೇ ಎಂಬ ತಕರಾರು, ವೈರಸ್ಸಿಗೇ ನೇರವಾಗಿ ತಾಗುವ ಗುಳಿಗೆಗಳು ಬಂದದ್ದರಿಂದ, ಇತ್ಯರ್ಥವಾಗದೆಯೇ ಬದಿಗೆ ಸರಿಯಿತು. ಇದು ವಿಷಾದದ ಸಂಗತಿ. ಏಕೆಂದರೆ ವೈರಸ್ಸಿನ ಆರ್‌ಎನ್‌ಎ ಕೋಶದಲ್ಲಿರುವ 122ನ್ನು ಹೀರಿಕೊಂಡು ಉಳಿದ ಕೆಲಸಗಳಿಗೆ ಅದು ದಕ್ಕದಂತೆ ಮಾಡುತ್ತದೆಂದು 2015ರಲ್ಲಿ ತಿಳಿದುಬಂದ ಮೇಲೆ ಆ ತಕರಾರಿನ ತೂಕ ಹೆಚ್ಚಿದೆ.

ಸೋಂಕು ನೀಗಿದರೂ ಸಿರೋಸಿಸ್ ಆದ ಯಕೃತ್ತಿಗೆ ಕ್ಯಾನ್ಸರಿನ ಭಯ ಪೂರ್ತಿ ತಪ್ಪುವುದಿಲ್ಲ. ಅಲ್ಲಿ 122ರ ಕೊರತೆಯಿಂದ ಉರಿಯೂತ ಹೊತ್ತಿಕೊಳ್ಳುತ್ತದೆಯೇ, ಉರಿಯೂತದಿಂದ 122 ಬತ್ತುತ್ತದೆಯೇ? ಹುಟ್ಟಿನಿಂದಲೇ ಜೀನ್ ಕಳೆದುಕೊಂಡ ಇಲಿಯ ಸಾಕ್ಷ್ಯವನ್ನು ನಡುವಯಸ್ಸಿನಲ್ಲಿ ರೋಗಕ್ಕೆ ಬಿದ್ದ ಮನುಷ್ಯನಿಗೆ ಎಷ್ಟರ ಮಟ್ಟಿಗೆ ಅನ್ವಯಿಸಬಹುದು? ಗಾಯಗಟ್ಟಿದ ಯಕೃತ್ತಿಗೆ 122ನ್ನು ಮರಳಿ ಊಡಿದರೆ, ಅದು ಮತ್ತೆ ಕಾವಲಿಗೆ ನಿಲ್ಲುವಷ್ಟು ಕಾಲ ಉಳಿದಿರುತ್ತದೆಯೇ?